ಹವ್ಯಾಸಿ ಛಾಯಾಗ್ರಾಹಕರೂ ನಮ್ಮ ಶಾಸನಗಳೂ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಬರುವ ಮೂರು ಊರುಗಳು. ಈ ದಾರಿಯಲ್ಲಿ ಭಾನುವಾರ ಬೆಳಗಿನ ಹೊತ್ತು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಟ ಸಣ್ಣ ಗುಂಪುಗಳು ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತವೆ. ಅವರಲ್ಲಿ ಸ್ಟುಡಿಯೊ ಇಟ್ಟವರು ಕಡಿಮೆ. ಶಾಲಾ ಶಿಕ್ಷಕರು, ಬ್ಯಾಂಕಿನ ನೌಕರರು, ವೈದ್ಯರು, ಪದವಿ ತರಗತಿಯ ಹುಡುಗರೇ ಹೆಚ್ಚು. ಮದುವೆ ಮುಂಜಿಗಳ ಚಿತ್ರ ತೆಗೆದು ಬದುಕುವ ವೃತ್ತಿಪರರಿಗೆ ತಾಲ್ಲೂಕು ಮಟ್ಟದ ಸಂಘಗಳಿವೆ. ಆಗಸ್ಟ್ 19ರಂದು ಅವರು ತಮ್ಮ ದಿನಾಚರಣೆಯನ್ನೂ ನಡೆಸುತ್ತಾರೆ. ಹವ್ಯಾಸಿಗಳದು ಇದಕ್ಕಿಂತ ಸಡಿಲವಾದ ಕೂಟ. ಹೊರಸಂಚಾರ, ತಿಂಗಳ ವಿಷಯ, ಚಿತ್ರವಿಮರ್ಶೆ, ಯಾರಾದರೂ ಹಿರಿಯರು ಬಂದಾಗ ಒಂದು ದಿನದ ಕಾರ್ಯಾಗಾರ, ವರ್ಷಕ್ಕೊಮ್ಮೆ ಪ್ರದರ್ಶನ ಎಂಬುದು ಇಂಥ ಕೂಟಗಳ ಸಾಮಾನ್ಯ ದಿನಚರಿ. ಕನ್ನಡ ಪಾಠ ಹೇಳುವವನಾಗಿ, ಈ ಕಲೆಯ ಹೊರಗೆ ನಿಂತು ನೋಡುವವನಾಗಿ, ಆ ಕಾರ್ಯಾಗಾರಗಳಲ್ಲಿ ಒಂದು ಪಾಠ ಇಲ್ಲವೆಂಬುದನ್ನೂ ಆ ಪಾಠದ ಹೊಣೆಯಲ್ಲಿ ಅರ್ಧಭಾಗ ನಮ್ಮ ಕನ್ನಡ ವಿಭಾಗಗಳದೆಂಬುದನ್ನೂ ಇಲ್ಲಿ ವಾದಿಸಬೇಕೆಂದಿದ್ದೇನೆ.

ಮೊದಲು ಪದದ ವಿಚಾರ. ‘ಹವ್ಯಾಸಿ’ ಎಂಬ ಮಾತನ್ನು ನಾವು ಸ್ವಲ್ಪ ಕೀಳಂದಾಜಿನಿಂದಲೇ ಬಳಸುತ್ತೇವೆ. ವೃತ್ತಿಪರನಲ್ಲದವನು, ಬಿಡುವಿನ ವೇಳೆಯವನು ಎಂಬಂತೆ. ಮರಾಠಿಯಲ್ಲಿ ‘ಹವ್ಯಾಸ’ವೆಂದರೆ ಅತಿಯಾದ ಆಸೆ, ಬಿಡದ ಹಂಬಲ. ಕನ್ನಡಕ್ಕೆ ಬಂದ ಮೇಲೆ ಆ ಪದ ಸೌಮ್ಯವಾಯಿತು, ಅದರ ಉರಿ ಆರಿತು. ಆದರೆ ಭಾರತದ ಛಾಯಾಗ್ರಹಣದ ಚರಿತ್ರೆಯನ್ನು ತೆರೆದು ನೋಡಿದರೆ, ನಮ್ಮ ಸ್ಮಾರಕಗಳ ಮೊದಲ ಚಿತ್ರಗಳನ್ನು ತೆಗೆದವರು ಬಹುಪಾಲು ಈ ಹಳೆಯ ಅರ್ಥದ ಹವ್ಯಾಸಿಗಳೇ. 1855ರಲ್ಲಿ ಮುಂಬಯಿ ಸರಕಾರದ ಪರವಾಗಿ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದ ಥಾಮಸ್ ಬಿಗ್ಸ್ ಒಬ್ಬ ಸೇನಾಧಿಕಾರಿ. ಅವನ ನಂತರ ಆ ಕೆಲಸವನ್ನು ಮುಂದುವರಿಸಿದ ಪಿಗೊ ಒಬ್ಬ ವೈದ್ಯ. ಹಳೇಬೀಡಿನ ಚಿತ್ರಗಳನ್ನು ತೆಗೆದ ನೀಲ್ ಕೂಡ ವೈದ್ಯನೇ. ಇವರ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಗ್ರಂಥವಾಗಿ ಬಂದಾಗ ಅದಕ್ಕೆ ಚಾರಿತ್ರಿಕ ಪ್ರಸ್ತಾವನೆಯನ್ನು ಬರೆದವನು ಮೆಡೋಸ್ ಟೇಲರ್; ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲಿ ಬಹುಕಾಲ ಆಡಳಿತ ನಡೆಸಿದ ಅದೇ ಟೇಲರ್. ನಮ್ಮ ನೆಲಕ್ಕೂ ಕನ್ನಡನಾಡಿನ ಮೊದಲ ಛಾಯಾಚಿತ್ರ ಗ್ರಂಥಗಳಿಗೂ ಇರುವ ಈ ನಂಟನ್ನು ನಮ್ಮ ಭಾಗದ ಎಷ್ಟು ಮಂದಿ ಕ್ಯಾಮೆರಾ ಪ್ರಿಯರು ಬಲ್ಲರು?

ಅಲೆಕ್ಸಾಂಡರ್ ಗ್ರೀನ್‌ಲಾನ ಪ್ರಸಂಗವಂತೂ ಪ್ರತಿಯೊಂದು ಕಾರ್ಯಾಗಾರದ ಮೊದಲ ಗಂಟೆಯಲ್ಲಿ ಹೇಳಬೇಕಾದುದು. ಅವನೂ ಸೈನಿಕ. 1856ರ ಹೊತ್ತಿಗೆ ಹಂಪಿಗೆ ಹೋಗಿ, ಮೇಣ ಸವರಿದ ದೊಡ್ಡ ಕಾಗದದ ಹಾಳೆಗಳ ಮೇಲೆ ವಿಜಯನಗರದ ಅವಶೇಷಗಳನ್ನು ಚಿತ್ರಿಸಿದನು. ಆ ನೆಗೆಟಿವ್‌ಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ವಿದ್ವಾಂಸರ ಕಣ್ಣಿನಿಂದ ಮರೆಯಾಗಿದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅಲ್ಲಿಂದಲೇ ಅದೇ ಚೌಕಟ್ಟಿನಲ್ಲಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ವಿಠ್ಠಲ ದೇವಾಲಯದ ಕಲ್ಲಿನ ರಥದ ತಲೆಯ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತು. ಇಂದು ನೋಟಿನ ಮೇಲೂ ಅಚ್ಚಾಗಿರುವ ಆ ರಥ, ಶಿಖರವಿಲ್ಲದ ಬೋಳು ರಥ, ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಗ್ರೀನ್‌ಲಾನ ಚಿತ್ರವನ್ನು ಮೊದಲ ಸಲ ಕಂಡ ವಿದ್ಯಾರ್ಥಿ ಅದು ಬೇರೆ ಯಾವುದೋ ಗುಡಿಯೆಂದೇ ತಿಳಿಯುತ್ತಾನೆ. ಆ ಶಿಖರದ ರೂಪವನ್ನು ನಮ್ಮ ಕಣ್ಣಿಗೆ ದಕ್ಕಿಸಿದ್ದು ಒಬ್ಬ ಹವ್ಯಾಸಿಯ ಚಿತ್ರ.

ನಿಜಾಮರ ಆಸ್ಥಾನದ ಲಾಲಾ ದೀನ್‌ದಯಾಳ್‌ರಂಥ ಮಹಾ ವೃತ್ತಿಪರರನ್ನು ಇಲ್ಲಿ ಮರೆಯುತ್ತಿಲ್ಲ. ಆದರೆ ಆಸ್ಥಾನದಲ್ಲಿ ಅವರ ಕ್ಯಾಮೆರಾ ಹೆಚ್ಚಾಗಿ ತಿರುಗಿದ್ದು ಅರಮನೆ, ಅತಿಥಿಗಳ ಕಡೆಗೆ. ಹೊಲದ ಬದುವಿನ ವೀರಗಲ್ಲಿಗೆ ಯಾವ ಆಸ್ಥಾನವೂ ಛಾಯಾಗ್ರಾಹಕನನ್ನು ನೇಮಿಸುವುದಿಲ್ಲ.

ಮಸ್ಕಿಯ ಅಶೋಕ ಶಾಸನದ ಕತೆಯೂ ಇದೇ ದಿಕ್ಕನ್ನು ತೋರಿಸುತ್ತದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದನಾದರೂ, ಆ ಶಾಸನಗಳಲ್ಲಿ ಮಾತನಾಡುವ ದೇವಾನಾಂಪ್ರಿಯನೇ ಅಶೋಕನೆಂಬುದಕ್ಕೆ ಶಾಸನದೊಳಗಿನ ನೇರ ಸಾಕ್ಷ್ಯ ದೊರೆತದ್ದು 1915ರಲ್ಲಿ, ಮಸ್ಕಿಯ ಗುಡ್ಡದಲ್ಲಿ. ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅವನು ಹುಡುಕುತ್ತಿದ್ದುದು ಚಿನ್ನವನ್ನು. ಸಿಕ್ಕಿದ್ದು ಚಕ್ರವರ್ತಿಯ ಹೆಸರು. ನಿಜಾಮ ಸರಕಾರದ ಪುರಾತತ್ತ್ವ ಇಲಾಖೆ ಅದರ ಹಿಂದಿನ ವರ್ಷವಷ್ಟೇ, ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಆರಂಭವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಮಸ್ಕಿ ಶಾಸನವೇ ಆ ಇಲಾಖೆಯ ಗ್ರಂಥಮಾಲೆಯ ಮೊದಲ ಪುಷ್ಪ. ಕಂಡವನು ಹೊರಗಿನವನು, ಓದಿದವರು ಪಂಡಿತರು. ಕಣ್ಣಿಗೂ ವಿದ್ಯೆಗೂ ನಡುವೆ ಆಗ ಏರ್ಪಟ್ಟ ಒಪ್ಪಂದ ಇಂದು ನಮ್ಮ ತಾಲ್ಲೂಕುಗಳಲ್ಲಿ ಮುರಿದುಬಿದ್ದಿದೆ ಎಂಬುದೇ ನನ್ನ ಕೊರಗು.

ಹೇಗೆ ಮುರಿದಿದೆ? ಒಂದು ಕಡೆಯಿಂದ ನೋಡೋಣ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಈಗ ಚಿತ್ರಗಳಿಗೆ ಬರವಿಲ್ಲ. ಆದರೆ ಚಿತ್ರದ ಕೆಳಗೆ ‘ವೀರಗಲ್ಲು’ ಎಂದಷ್ಟೇ ಇರುತ್ತದೆ. ಯಾವ ಊರು, ಊರಿನ ಯಾವ ದಿಕ್ಕು, ಯಾರ ಹೊಲ, ಎಂದು ತೆಗೆದದ್ದು, ಕಲ್ಲಿನ ಎತ್ತರವೆಷ್ಟು, ಇವು ಯಾವುವೂ ಇಲ್ಲ. ಕೇಳಿದರೆ ವಾಟ್ಸಾಪಿನಲ್ಲಿ ಬಂತೆಂಬ ಉತ್ತರ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದ ಕಡತ ಕುಗ್ಗುತ್ತದೆ. ಅದರೊಳಗೆ ಕ್ಯಾಮೆರಾ ತಾನಾಗಿ ಬರೆದಿಟ್ಟ ದಿನಾಂಕ, ಸಮಯ, ಸ್ಥಳದ ಅಕ್ಷಾಂಶ ರೇಖಾಂಶಗಳೂ ಕಳಚಿಹೋಗುತ್ತವೆ. ಶಾಸನದ ಚಿತ್ರವೊಂದು ಹೀಗೆ ಹತ್ತು ಕೈ ದಾಟಿ ಬಂದಾಗ ಅದು ಅನಾಥ. ಅದನ್ನು ಆಧಾರವೆಂದು ಸಂಶೋಧಕನು ಹೇಗೆ ಬಳಸಬೇಕು?

ಇನ್ನೊಂದು ಕಡೆ ಛಾಯಾಗ್ರಹಣ ಕೂಟಗಳಿವೆ. ಅಲ್ಲಿ ಕಲಿಸುವುದು ದ್ಯುತಿರಂಧ್ರ, ಷಟರ್ ವೇಗ, ಚೌಕಟ್ಟಿನ ಮೂರನೆಯ ಒಂದು ಭಾಗದ ನಿಯಮ, ಸೂರ್ಯೋದಯದ ಹೊಂಬೆಳಕು, ಮತ್ತು ಈಚೆಗೆ ಬಹುವಾಗಿ ಗಣಕದಲ್ಲಿ ಚಿತ್ರ ತಿದ್ದುವ ಕಲೆ. ಇವೆಲ್ಲ ಬೇಕಾದವೇ. ಆದರೆ ಎಲ್ಲದರ ಕಣ್ಣೂ ಸಲೋನ್ ಎಂದು ಕರೆಯುವ ಸ್ಪರ್ಧೆಗಳ ಮೇಲೆ, ಹೆಸರಿನ ಮುಂದೆ ಹಾಕಿಕೊಳ್ಳಬಹುದಾದ ಬಿರುದಾಕ್ಷರಗಳ ಮೇಲೆ ನೆಟ್ಟಿದೆ. ಮುದಗಲ್ಲಿನ ಕೋಟೆಗೆ ಹೋದವರು ಕೋಟೆಯ ಬಾಗಿಲಲ್ಲಿ ಬಣ್ಣದ ಕೊಡೆ ಹಿಡಿದ ಹುಡುಗಿಯನ್ನು ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಬಾಗಿಲ ಪಕ್ಕದ ಗೋಡೆಯ ಲೇಖವನ್ನು ತೆಗೆಯುವುದಿಲ್ಲ. ಜಲದುರ್ಗದಲ್ಲಿ ಕೃಷ್ಣೆ ಕವಲೊಡೆದು ಹರಿಯುವ ನೋಟಕ್ಕೆ ನೂರು ಚಿತ್ರಗಳಿವೆ, ಕೋಟೆಯ ಗೋಡೆ ಎಲ್ಲೆಲ್ಲಿ ಕುಸಿದಿದೆ ಎಂದು ತೋರಿಸುವ ಚಿತ್ರ ಸಿಗುವುದು ಅಪರೂಪ. ಗುಡಿಯ ಮುಂದಿನ ವಿದ್ಯುತ್ ತಂತಿಯನ್ನು ಗಣಕದಲ್ಲಿ ಅಳಿಸಿದ ಚಿತ್ರ ಪ್ರದರ್ಶನಕ್ಕೆ ಚೆಂದವಿರಬಹುದು. ದಾಖಲೆಯಾಗಿ ಅದು ಸುಳ್ಳುಸಾಕ್ಷಿ. ನಿಸರ್ಗ ವಿಭಾಗದ ಚಿತ್ರಗಳಿಗೆ ಅಂತರರಾಷ್ಟ್ರೀಯ ಸಂಸ್ಥೆಗಳೇ ಸೇರಿಸುವುದನ್ನೂ ಅಳಿಸುವುದನ್ನೂ ನಿಷೇಧಿಸಿವೆ. ಹುಲಿಗೆ ತೋರಿಸುವ ಆ ಪ್ರಾಮಾಣಿಕತೆಯನ್ನು ಕಲ್ಲಿಗೂ ತೋರಿಸಿದರೆ ಸಾಕು.

ಕರ್ನಾಟಕದ ಹವ್ಯಾಸಿ ಛಾಯಾಗ್ರಹಣದ ಪರಂಪರೆ ಸಣ್ಣದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ವೈದ್ಯ ಡಾ. ಜಿ. ಥಾಮಸ್ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿದವರು. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ನಮಗೆ ಹತ್ತಿರದ ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಮಂತ್ರಿಯಾಗಿದ್ದೂ ವನ್ಯಜೀವಿ ಛಾಯಾಗ್ರಹಣದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದವರು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಹೆಸರನ್ನು ಬಿಟ್ಟು ಭಾರತದ ವನ್ಯಜೀವಿ ಛಾಯಾಗ್ರಹಣದ ಮಾತನಾಡಲಾಗದು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಿಲ್ಲ. ಆದರೆ ಈ ಪರಂಪರೆಯ ಒಲವು ಕಾಡಿನ ಕಡೆಗೆ ಹೋಯಿತು. ಕಲ್ಲಿನ ಕಡೆಗೆ ಅಷ್ಟಾಗಿ ಬರಲಿಲ್ಲ. ರಾಯಚೂರು ಸೀಮೆಯಲ್ಲಿ ಕಾಡು ಕಡಿಮೆ, ಕಲ್ಲು ಹೆಚ್ಚು. ಮಲೆನಾಡಿನ ಕೂಟಗಳನ್ನು ಅನುಕರಿಸುವುದರಿಂದ ನಮ್ಮವರಿಗೆ ದಕ್ಕುವುದೇನು?

ಈಗ ಪಾಠದ ತಿರುಳಿಗೆ ಬರುತ್ತೇನೆ. ಪಶ್ಚಿಮದ ಭಾಷೆಗಳು ಈ ಕಲೆಯನ್ನು ಬೆಳಕಿನ ಬರೆಹವೆಂದು ಕರೆದರೆ ನಾವು ಛಾಯಾಗ್ರಹಣವೆಂದೆವು, ನೆರಳನ್ನು ಹಿಡಿಯುವುದೆಂದೆವು. ಶಾಸನದ ಮಟ್ಟಿಗೆ ನಮ್ಮ ಪದವೇ ಹೆಚ್ಚು ನಿಜ. ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ, ಅದರ ಗೆರೆಯೊಳಗೆ ಬೀಳುವ ನೆರಳೇ ಅಕ್ಷರ. ನಡುಹಗಲಿನ ನೆತ್ತಿಯ ಬಿಸಿಲಲ್ಲಿ, ಅಥವಾ ಕ್ಯಾಮೆರಾದ ಮೇಲೆಯೇ ಕೂತ ಫ್ಲ್ಯಾಶಿನ ನೇರ ಬೆಳಕಿನಲ್ಲಿ ಸವೆದ ಶಾಸನ ಬೋಳುಗಲ್ಲಾಗಿ ಕಾಣುತ್ತದೆ. ಅದೇ ಕಲ್ಲಿಗೆ ಪಕ್ಕದಿಂದ, ಮೇಲ್ಮೈಗೆ ತಾಗಿಸಿದಂತೆ, ಹತ್ತು ಹದಿನೈದು ಡಿಗ್ರಿಯ ಕೋನದಲ್ಲಿ ಬೆಳಕು ಬಿಟ್ಟರೆ ಇಲ್ಲದ ಸಾಲುಗಳು ಎದ್ದುನಿಲ್ಲುತ್ತವೆ. ಮುಂಜಾನೆ ಅಥವಾ ಇಳಿಹೊತ್ತಿನ ಬಿಸಿಲು ಇದನ್ನು ತಾನಾಗಿ ಮಾಡಿಕೊಡುತ್ತದೆ. ಕಲ್ಲು ನೆರಳಿನಲ್ಲಿದ್ದರೆ ಹಳೆಯ ಶಾಸನತಜ್ಞರು ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಹಾಯಿಸುತ್ತಿದ್ದರು. ಈಗ ಒಂದು ಎಲ್‌ಇಡಿ ಟಾರ್ಚು ಸಾಕು. ಒಂದೇ ಕೋನದಿಂದ ತೃಪ್ತರಾಗಬಾರದು. ಎಡದಿಂದ ಬಂದ ಬೆಳಕಿನಲ್ಲಿ ಅಡಗಿದ ಒಂದು ಕೊಂಬು, ಒಂದು ಸುಳಿ, ಮೇಲಿನಿಂದ ಬಂದ ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಕ್ಷರದ ಮೇಲಿನ ಒಂದು ಗೀರು ಮಾತ್ರೆಯೋ ಬಂಡೆಯ ಬಿರುಕೋ ಎಂಬುದು ಓದಿನ ಅರ್ಥವನ್ನೇ ಬದಲಾಯಿಸಬಲ್ಲುದೆಂದು ಹಳಗನ್ನಡ ಓದಿದವರಿಗೆ ವಿವರಿಸಬೇಕಿಲ್ಲ. ಈ ತತ್ತ್ವವನ್ನೇ ಗಣಕಕ್ಕೆ ಒಪ್ಪಿಸಿ, ಕ್ಯಾಮೆರಾವನ್ನು ಅಲುಗಿಸದೆ ಬೆಳಕನ್ನು ಮಾತ್ರ ಸುತ್ತ ಚಲಿಸುತ್ತ ಹತ್ತಾರು ಚಿತ್ರ ತೆಗೆದು, ನಂತರ ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಹಾಯಿಸಿ ನೋಡುವ ವಿಧಾನವನ್ನು 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದಕ್ಕೆ ಬೇಕಾದುದು ಸಾಧಾರಣ ಕ್ಯಾಮೆರಾ, ಒಂದು ಫ್ಲ್ಯಾಶು, ಚಿತ್ರದ ಮೂಲೆಯಲ್ಲಿ ಇಡಲು ಹೊಳೆಯುವ ಒಂದು ಕಪ್ಪು ಗುಂಡು, ಉಚಿತವಾಗಿ ಸಿಗುವ ತಂತ್ರಾಂಶ. ಮದುವೆ ಚಿತ್ರ ತೆಗೆಯುವ ಹುಡುಗನಿಗೆ ಇದು ಒಂದು ಮಧ್ಯಾಹ್ನದ ಪಾಠ.

ಇದು ಎಲ್ಲಿ ಪ್ರಯೋಜನಕ್ಕೆ ಬಂದೀತೆಂದರೆ, ಕೊಪ್ಪಳವನ್ನೇ ನೋಡಬಹುದು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣನಗರವದು, ಜೈನರ ಮಹಾತೀರ್ಥ. ಅಲ್ಲಿನ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಅಶೋಕನ ಶಾಸನಗಳು ದೊರೆತವು. ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಬಹಳ ಸವೆದಿದೆ. ಆ ಬೆಟ್ಟದ ಮೇಲೆಯೇ ಬಂಡೆಯಲ್ಲಿ ಕೊರೆದ ಒಂದು ಜೊತೆ ಪಾದಗಳಿವೆ. ಅದರ ಬಳಿಯ ಕಿರುಲೇಖ ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನು ಮಾಡಿಸಿದನೆಂದೂ ತಿಳಿಸುತ್ತದೆ. ಸಂಸ್ಕೃತದ ‘ವರಾಂಗಚರಿತ’ದ ಕವಿ ಜಟಾಸಿಂಹನಂದಿಯನ್ನು ಕನ್ನಡನಾಡಿನ ಒಂದು ನಿರ್ದಿಷ್ಟ ಬೆಟ್ಟಕ್ಕೆ ಕಟ್ಟಿಹಾಕುವ ಸಾಕ್ಷ್ಯ ಈ ಕಿರುಲೇಖ. ಸಿ.ಆರ್. ಕೃಷ್ಣಮಾಚಾರ್ಲು ಅವರು ಕೊಪ್ಪಳದ ಕನ್ನಡ ಶಾಸನಗಳನ್ನು 1935ರಲ್ಲಿ ಪ್ರಕಟಿಸಿದರು, 1938ರಲ್ಲಿ ಆ.ನೇ. ಉಪಾಧ್ಯೆಯವರು ವರಾಂಗಚರಿತವನ್ನು ಸಂಪಾದಿಸಿದರು. ಒಂದು ಕಾವ್ಯದ ಕಾಲದೇಶಗಳ ಚರ್ಚೆಗೆ ಬಯಲಿಗೆ ಒಡ್ಡಿಕೊಂಡ ಬಂಡೆಯ ಮೇಲಿನ ಕೆಲವು ಅಕ್ಷರಗಳು ಆಧಾರ. ಬಿಸಿಲು ಮಳೆಗೆ ಅವು ಪ್ರತಿವರ್ಷ ಎಷ್ಟು ಸವೆಯುತ್ತಿವೆ ಎಂದು ಹೇಳಲು ಹತ್ತು ವರ್ಷಕ್ಕೊಮ್ಮೆ ಒಂದೇ ಕೋನದಿಂದ ತೆಗೆದ ಚಿತ್ರಗಳು ಬೇಕು. ಇಂಥ ಕೆಲಸಕ್ಕೆ ಬಿರುದು ಬರುವುದಿಲ್ಲ, ನಿಜ.

ನಮ್ಮ ಮೂರು ತಾಲ್ಲೂಕುಗಳಲ್ಲಿ ನಷ್ಟದ ವೇಗ ಇನ್ನೂ ಹೆಚ್ಚು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಗದ್ದೆಗೆ ನೆಲ ಮಟ್ಟಸವಾಗಬೇಕು. ಮಟ್ಟ ಮಾಡುವ ಯಂತ್ರಕ್ಕೆ ಹಾಳೂರಿನ ದಿಬ್ಬ, ಬದುವಿನ ಕಲ್ಲು ಎಲ್ಲವೂ ಒಂದೇ. ಈ ದೋಆಬಿನ ಬೂದಿಗುಡ್ಡಗಳು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ, ಸುಟ್ಟ ಸಗಣಿಯ ರಾಶಿಗಳು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರ ಉತ್ಖನನ ಅವುಗಳ ಮಹತ್ತ್ವವನ್ನು ಜಗತ್ತಿಗೆ ತೋರಿಸಿತು. ಆದರೂ ಗೊಬ್ಬರಕ್ಕೆಂದು ಅವನ್ನು ಅಗೆದೊಯ್ಯುವುದು ನಿಂತಿಲ್ಲ. ಆಲ್ಚಿನ್ ಅವರು ಅಗೆದು ಗ್ರಂಥ ಬರೆದ ಪಿಕಳಿಹಾಳ ಲಿಂಗಸುಗೂರು ತಾಲ್ಲೂಕಿನದೇ. ಅಲ್ಲಿನ ಬಂಡೆಚಿತ್ರಗಳ ಇಂದಿನ ಸ್ಥಿತಿಯ ವ್ಯವಸ್ಥಿತ ಚಿತ್ರಮಾಲೆಯೊಂದು ನಮ್ಮ ಯಾವ ಕಾಲೇಜಿನ ಗ್ರಂಥಾಲಯದಲ್ಲಿದೆ? ಇನ್ನು ಭಕ್ತಿಯಿಂದಾಗುವ ಹಾನಿ. ವೀರಗಲ್ಲಿಗೆ ಎಣ್ಣೆ, ಸುಣ್ಣ, ಕೊನೆಗೆ ಪೇಂಟು. ಭಕ್ತರನ್ನು ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಅವರ ಪೂಜೆಯಿಂದಲೇ ಎಷ್ಟೋ ಕಲ್ಲುಗಳು ಜಲ್ಲಿಯಾಗದೆ ಉಳಿದಿವೆ. ಬಣ್ಣ ಬೀಳುವ ಮೊದಲೇ ಚಿತ್ರ ಆಗಿರಬೇಕು, ಅಷ್ಟೇ.

ಬೆಂಗಳೂರಿನ ಮಿಥಿಕ್ ಸೊಸೈಟಿಯ ಶಾಸನ ಡಿಜಿಟಲೀಕರಣ ಯೋಜನೆ ಇಲ್ಲಿ ಮಾದರಿ. ಅದರ ಮುಂದಾಳು ಪಿ.ಎಲ್. ಉದಯಕುಮಾರ್ ಅವರು ಶಾಸನಶಾಸ್ತ್ರವನ್ನು ವೃತ್ತಿಯಾಗಿ ಹಿಡಿದವರಲ್ಲ, ಎಂಜಿನಿಯರ್. 2018ರಲ್ಲಿ ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಕಾಣಿಸಿಕೊಂಡಾಗ ಅದನ್ನು ಉಳಿಸಲು ನಿಂತವರು ಇಂಥ ಆಸಕ್ತರೇ. ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ನೋಡುವಂತೆ ಅಂತರಜಾಲದಲ್ಲಿ ಇಡುತ್ತಿದ್ದಾರೆ. ಹಳೆಯ ಸಂಪುಟಗಳ ಪಾಠಗಳನ್ನು ತಿದ್ದಿಕೊಳ್ಳಲು ಅವು ನೆರವಾಗುತ್ತಿವೆ. ಬೆಂಗಳೂರಿನಲ್ಲಿ ಆದದ್ದು ಮಸ್ಕಿಯಲ್ಲಿ ಆಗದಿರಲು ಹಣದ ಕೊರತೆ ಕಾರಣವೆಂದು ನನಗೆ ತೋರುವುದಿಲ್ಲ. ಒಬ್ಬರ ಬಳಿ ಕ್ಯಾಮೆರಾ ಇದೆ, ಇನ್ನೊಬ್ಬರ ಬಳಿ ಲಿಪಿಜ್ಞಾನ ಇದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಕೂಡಿ ಹೋಗುವುದಿಲ್ಲ.

ಆಕ್ಷೇಪಗಳು ಬರುತ್ತವೆ. ದಾಖಲೆಯ ಚಿತ್ರ ನೀರಸ, ಕಲೆಗೆ ಅಲ್ಲಿ ಎಡೆಯಿಲ್ಲ ಎಂಬುದು ಮೊದಲನೆಯದು. ಗ್ರೀನ್‌ಲಾನ ಚಿತ್ರಗಳ ಎದುರು ನಿಂತು ಈ ಮಾತನ್ನು ಹೇಳಲಾಗದು. ಎಲ್ಲರೂ ಶಾಸನವನ್ನೇ ತೆಗೆಯಬೇಕೆ, ಜನರನ್ನು ತೆಗೆಯಬಾರದೆ ಎಂದು ಇನ್ನು ಕೆಲವರು ಕೇಳಬಹುದು. ತೆಗೆಯಲಿ; ಮುದಗಲ್ಲಿನ ಮೊಹರಂ ಇದೆ, ಸಿಂಧನೂರು ಸುತ್ತಿನ ಬಂಗಾಳಿ ಪುನರ್ವಸತಿ ಕ್ಯಾಂಪುಗಳಲ್ಲಿ ತಲೆಮಾರು ಕಳೆದು ಎರಡು ಭಾಷೆಗಳಲ್ಲಿ ಬದುಕುವ ಕುಟುಂಬಗಳಿವೆ. ಆದರೆ ಅಲ್ಲಿಯೂ ಕೇಳಿ ತೆಗೆಯಬೇಕು, ಹೆಸರು ದಿನಾಂಕ ಬರೆಯಬೇಕು, ತೆಗೆದ ಚಿತ್ರದ ಒಂದು ಪ್ರತಿ ಅವರ ಮನೆಗೆ ಮುಟ್ಟಬೇಕು. ‘ಗ್ರಾಮೀಣ ಮುಗ್ಧತೆ’ ಎಂಬ ಶೀರ್ಷಿಕೆಯಲ್ಲಿ ಹೆಸರಿಲ್ಲದ ಮುದುಕಿಯ ಸುಕ್ಕುಗಳನ್ನು ಪ್ರದರ್ಶಿಸುವ ಚಾಳಿಯ ಬಗ್ಗೆ ನನಗೆ ಯಾವ ಗೌರವವೂ ಇಲ್ಲ.

ಕನ್ನಡ ವಿಭಾಗಗಳ ಪಾಲಿನ ಕೆಲಸವೂ ಸಣ್ಣದಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿರುವ ಜಿಲ್ಲಾವಾರು ಶಾಸನ ಸಂಪುಟಗಳನ್ನು ಇಟ್ಟುಕೊಂಡು, ತಾಲ್ಲೂಕಿನ ಶಾಸನಗಳ ಊರುಪಟ್ಟಿಯನ್ನು ಮಾಡಿ ಕೂಟದವರ ಕೈಗೆ ಕೊಡಬಹುದು. ಹೊರಸಂಚಾರಕ್ಕೆ ಹೊರಟಾಗ ಇಬ್ಬರು ವಿದ್ಯಾರ್ಥಿಗಳು ಜೊತೆಗೆ ಹೋಗಬಹುದು: ಒಬ್ಬನು ಟಾರ್ಚು ಹಿಡಿಯಲು, ಒಬ್ಬಳು ಊರವರನ್ನು ಕೇಳಿ ಬರೆದುಕೊಳ್ಳಲು. ಚಿತ್ರದಲ್ಲಿ ಹತ್ತು ಸೆಂಟಿಮೀಟರಿನ ಅಳತೆಪಟ್ಟಿ ಇರಲಿ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು ಬೇಡವೇ ಬೇಡ. ನೆರಳು ಮಾಡುವ ಕೆಲಸವನ್ನು ಸುಣ್ಣದಿಂದ ಮಾಡಿಸಹೋಗಿ ಎಷ್ಟು ಅಕ್ಷರಗಳ ಅಂಚು ಸವೆದಿದೆ! ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗಗಳಲ್ಲಿ ತ್ರಿಪಾದಿ ಬಳಸಲು ಮುಂಚಿತವಾಗಿ ಅನುಮತಿ ಬೇಕು; ಆ ಅರ್ಜಿಯನ್ನು ಕಾಲೇಜಿನ ಹೆಸರಿನಲ್ಲಿ ಬರೆದುಕೊಡುವುದು ನಮಗೆ ಸುಲಭ, ಒಂಟಿ ಹವ್ಯಾಸಿಗೆ ಕಷ್ಟ. ತೆಗೆದ ಚಿತ್ರದ ಮೂಲ ಕಡತ ಕೂಟದ ಒಂದು ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ಉಳಿಯಲಿ. ವಿಕಿಮೀಡಿಯ ಕಾಮನ್ಸ್‌ಗೂ ಏರಿಸಬಹುದು. 2010ರಲ್ಲಿ ನೆದರ್ಲೆಂಡಿನಲ್ಲಿ ಆರಂಭವಾದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಸ್ಪರ್ಧೆಯಂತೂ ಸ್ಪರ್ಧೆಯ ಚಪಲವನ್ನೂ ದಾಖಲೆಯ ಶಿಸ್ತನ್ನೂ ಒಟ್ಟಿಗೆ ತಣಿಸುತ್ತದೆ.

ಚಿತ್ರದ ಕೆಳಗಿನ ಬರೆಹವನ್ನು ಕನ್ನಡದಲ್ಲಿಯೇ, ಊರವರು ಕರೆಯುವ ಹೆಸರಿನಲ್ಲಿಯೇ ಬರೆಯಬೇಕು. ಶಾಸನಗಳಲ್ಲಿ ಮೊಸಂಗಿಯಾಗಿದ್ದ ಊರು ಇಂದು ಮಸ್ಕಿ. ಅಂಥ ಬದಲಾವಣೆಯ ಜಾಡು ಹಿಡಿಯಲು ನಾಳಿನ ಸಂಶೋಧಕನಿಗೆ ಇಂದಿನ ಹೊಲದ ಹೆಸರು, ಹಳ್ಳದ ಹೆಸರು, ಗುಡ್ಡದ ಹೆಸರು ಬೇಕಾಗುತ್ತವೆ. ತೆಗೆದವರ ಹೆಸರೂ ಅಲ್ಲಿರಲಿ. ಬೀಡನ್ನನ ಹೆಸರು ನಮಗೆ ಗೊತ್ತು. ಗುಡ್ಡದ ಹಾದಿಗಳನ್ನು ಬಲ್ಲ ಸ್ಥಳೀಯರು ಯಾರಾದರೂ ಅವನ ಜೊತೆಗಿದ್ದಿದ್ದರೆ, ಅವರ ಹೆಸರನ್ನು ಯಾರೂ ಬರೆದಿಟ್ಟಂತಿಲ್ಲ.